ನಲವತ್ತೇಳು ಬೆರಳಿನ ಲೇಬಲ್

ಲೇಬಲ್ ಅಚ್ಚು ಹಾಕುವುದರಲ್ಲಿ ಮೂರು ಲೋಕದಲ್ಲೂ ನನಗೆ ಸಮ ಇಲ್ಲ ಎಂದು ನಾನೇ ಹೇಳಿಕೊಂಡರೆ ಚೆನ್ನಾಗಿರುವುದಿಲ್ಲ. ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ. ನನ್ನ ಹೆಸರು ಚನ್ನಮಲ್ಲ. ಊರವರು ಚೀಟಿ ಚನ್ನಮಲ್ಲ ಎನ್ನುತ್ತಾರೆ. ನಾನು ಮಷೀನು ಚಾಲೂ ಮಾಡಿದರೆ ಮೂರು ಓಣಿ ಆಚೆ ಮಲಗಿದ ಎಮ್ಮೆ ಅದರ ತಾಳಕ್ಕೆ ಸರಿಯಾಗಿ ಮೆಲುಕು ಹಾಕುತ್ತದೆ. ನಂಬದವರು ಎಮ್ಮೆಯನ್ನೇ ಕೇಳಬಹುದು.

ನಮ್ಮೂರಿನಲ್ಲಿ ಬಾಯಿ ಇದ್ದೂ ಮಾತಾಡದ ವಸ್ತುಗಳೆಲ್ಲ, ಅಂದರೆ ಭರಣಿ, ಡಬ್ಬಿ, ಸೀಸೆ, ಗಡಿಗೆ, ಹಂಡೆ, ದಿನಾ ಬೆಳಗ್ಗೆ ಮೊದಲ ಕೋಳಿ ಕೂಗುವ ಹೊತ್ತಿಗೆ ಗಾತ್ರ ಬದಲಿಸುತ್ತವೆ. ಎತ್ತರ ಇದ್ದಷ್ಟೇ ಇರುತ್ತದೆ, ಬದಲಾಗುವುದು ಸೊಂಟದ ಸುತ್ತಳತೆ. ಊರಿನ ಪಾತ್ರೆಗಳೆಲ್ಲ ಮಾತಾಡಿಕೊಂಡವರಂತೆ ಒಂದೇ ಪ್ರಮಾಣದಲ್ಲಿ ಒಟ್ಟಿಗೆ ಉಬ್ಬುತ್ತವೆ, ಒಟ್ಟಿಗೆ ಸೊರಗುತ್ತವೆ. ಒಳಗಿನ ಪದಾರ್ಥ ಮಾತ್ರ ಇದ್ದಷ್ಟೇ. ಸೊರಗಿದ ದಿನ ಉಪ್ಪಿನಕಾಯಿ ಉಕ್ಕಿ ಬರುತ್ತದೆ. ತುಂಬಿಡಲು ಬೇರೆ ಪಾತ್ರೆಯೂ ಇರುವುದಿಲ್ಲ, ಅದೂ ಸೊರಗಿರುತ್ತದಲ್ಲ! ಹಾಗಾಗಿ ಎಲೆಯ ಮೇಲೆ ಹಾಕಿ ನೆರೆಮನೆಗೆ ಕೊಡುತ್ತೇವೆ, ನೆರೆಮನೆಯವರು ತಮ್ಮದನ್ನು ತಂದು ನಮಗೆ ಕೊಡುತ್ತಾರೆ. ಇದರಿಂದಾಗಿ ನಮ್ಮೂರಿನಲ್ಲಿ ಜಗಳ ಕಡಿಮೆ, ಅಜೀರ್ಣ ಜಾಸ್ತಿ. ಉಬ್ಬಿದ ದಿನದ ಕಥೆಯೇ ಬೇರೆ. ಒಂದು ಬೇಸಿಗೆಯಲ್ಲಿ ನಮ್ಮ ಸೋದರಮಾವ ತನ್ನ ನಶ್ಯದ ಡಬ್ಬಿಯಲ್ಲಿ ಕಾಲು ಚಾಚಿ ಕೂತು ಸ್ನಾನ ಮಾಡಿದ್ದ. ಆಮೇಲೆ ಎಂಟು ದಿನ ಸೀನಿದ.

ಇಂಥ ಊರಿನಲ್ಲಿ ಲೇಬಲ್ಲಿನ ಬೆಲೆ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು? ಭರಣಿಯ ಸುತ್ತ ಅಂಚಿಗೆ ಅಂಚು ಕೂಡುವ ಹಾಗೆ ಲೇಬಲ್ ಕೂತಿದ್ದರೆ, ಆ ಭರಣಿಯನ್ನು ಇವತ್ತೇ ತೆಗೆದು, ರುಚಿ ನೋಡಿ, ಮುಚ್ಚಿದ್ದಾರೆ ಎಂದು ಅರ್ಥ. ಅಂಚಿನ ಮೇಲೆ ಅಂಚು ಏರಿದ್ದರೆ, ಇಲ್ಲವೇ ನಡುವೆ ಸಂದು ಬಿಟ್ಟಿದ್ದರೆ ಅದು ನಿನ್ನೆಯ ಮಾಲು. ಕೊಳ್ಳುವವರು ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರನ್ನು ಭರಣಿಯ ಸುತ್ತ ಓಡಿಸುತ್ತಾರೆ. ಉಗುರು ಎಲ್ಲಿಯೂ ತಡೆಯದೆ ಒಂದು ಸುತ್ತು ಬಂದರೆ ಮಾಲು ಚೀಲಕ್ಕೆ, ತಡೆದರೆ ಮತ್ತೆ ಕಟ್ಟೆಗೆ.

ಉರುಳೆ ಒಂದು ಸುತ್ತು ತಿರುಗಿದರೆ ಒಂದು ಲೇಬಲ್, ಹಾಗಾಗಿ ಉರುಳೆಯ ಸುತ್ತಳತೆಯೇ ಲೇಬಲ್ಲಿನ ಉದ್ದ. ನಮ್ಮಪ್ಪನ ಕಾಲದ ಮಷೀನಿನ ಉರುಳೆ ಒಂದೇ ಅಳತೆಯದು. ಭರಣಿಯ ಸೊಂಟ ಆ ಅಳತೆಗೆ ಬಂದ ದಿನ ಅಪ್ಪನಿಗೆ ಹಬ್ಬ, ಉಳಿದ ದಿನ ಉಪವಾಸ. ನಾನು ತಂದ ಆಫ್‌ಸೆಟ್ ಮಷೀನು ಹಾಗಲ್ಲ. ಅದರಲ್ಲಿ ಎರಡು ಉರುಳೆ. ಒಂದರ ಮೇಲೆ ಅಕ್ಷರದ ತಗಡು, ಇನ್ನೊಂದರ ಮೇಲೆ ರಬ್ಬರು. ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ ಅಚ್ಚು ಬೀಳುತ್ತದೆ. ಅಳತೆ ಬದಲಿಸಬೇಕಾದರೆ ಇಡೀ ಉರುಳೆ ಕೀಳಬೇಕಾಗಿಲ್ಲ, ಅದರ ಮೇಲಿನ ಪೊಳ್ಳು ಕೊಳವೆಯನ್ನು ಬದಲಿಸಿದರೆ ಸಾಕು. ಅಂಗಿಯ ತೋಳಿನ ಹಾಗೆ ಕಾಣುವುದರಿಂದ ನಾವು ಅದನ್ನು ತೋಳು ಎಂದೇ ಕರೆಯುತ್ತೇವೆ. ಒಳಗಿನಿಂದ ಗಾಳಿ ಬಿಟ್ಟರೆ ತೋಳು ಕೂದಲೆಳೆಯಷ್ಟು ಹಿಗ್ಗಿ ಸರಕ್ಕನೆ ಜಾರಿ ಕೂರುತ್ತದೆ. ಗಾಳಿ ನಿಲ್ಲಿಸಿದಿರೋ, ಅತ್ತೆಮನೆಗೆ ಬಂದ ಅಳಿಯನಂತೆ ಮತ್ತೆ ಏಳುವುದಿಲ್ಲ. ಎರಡೂ ಕಡೆ ಬಾಯಿ ತೆರೆದಿರುವ ಈ ತೋಳುಗಳಿಗೆ ಊರಿನ ಉಬ್ಬರ ತಟ್ಟುವುದಿಲ್ಲ. ಹದಿನೆಂಟು ಬೆರಳು ಸುತ್ತಳತೆಯದು ಎಂದಿಗೂ ಹದಿನೆಂಟೇ. ಬೆಳಗ್ಗೆ ಭರಣಿಗೆ ದಾರ ಸುತ್ತಿ ಅಳೆಯುವುದು, ಅಷ್ಟೇ ಬೆರಳಿನ ಜೋಡಿ ತೋಳು ಏರಿಸುವುದು, ಚಹಾ ಆರುವುದರೊಳಗೆ ಲೇಬಲ್ ಸುರಿಯುವುದು. ಇದು ನನ್ನ ಕಸುಬು.

ಈಗ ಬಾಳವ್ವನ ವಿಷಯಕ್ಕೆ ಬರುತ್ತೇನೆ. ಐವತ್ತು ದಾಟಿದ ಹೆಂಗಸು. ನನಗೆ ದೂರದ ಸಂಬಂಧ, ಚಿಗವ್ವ ಎನ್ನುತ್ತೇನೆ. ಅವಳು ಕೆಂಪು ಮೆಣಸಿನಕಾಯಿ ಕುಟ್ಟಿ ಮಾಡುವ ರಂಜಕ ಎಂಥದ್ದೆಂದರೆ, ಒಮ್ಮೆ ಸತ್ತವನೊಬ್ಬನ ಬಾಯಿಗೆ ತಪ್ಪಿ ಒಂದು ಚೂರು ಬಿದ್ದು ಅವನು ಎದ್ದು ನೀರು ಕೇಳಿದ್ದ. ಇಪ್ಪತ್ತಾರು ವರ್ಷದಿಂದ ಆ ರಂಜಕ ಊರಾಚೆ ಹೋಗುತ್ತಿದ್ದದ್ದು ಅವಳ ಮೈದುನ ಗದಿಗೆಪ್ಪನ ಹೆಸರಿನಲ್ಲಿ. ಗದಿಗೆಪ್ಪ ಲೇಬಲ್ಲಿನ ಗೊಡವೆಗೇ ಹೋಗುತ್ತಿರಲಿಲ್ಲ. ಅವನ ಹತ್ತಿರ ಹಿತ್ತಾಳೆ ಮುಚ್ಚಳಗಳಿದ್ದವು. ಮೇಲೆ ‘ಗದಿಗೆಪ್ಪನ ರಂಜಕ’ ಎಂದು ಉಬ್ಬು ಅಕ್ಷರ. ಭರಣಿ ಉಬ್ಬಿದರೆ ಅದರ ಮುಚ್ಚಳವೂ ಉಬ್ಬುತ್ತದೆ, ಸೊರಗಿದರೆ ಸೊರಗುತ್ತದೆ, ಹೆಸರು ಮಾತ್ರ ಅಲ್ಲಾಡುವುದಿಲ್ಲ.

ವರ್ಷಕ್ಕೊಮ್ಮೆ ಊರಾಚೆಯಿಂದ ಬುಡನಸಾಬರ ಲಾರಿ ಬರುತ್ತದೆ. ಗಡಿಯ ಕಲ್ಲು ದಾಟಿತೆಂದರೆ ಭರಣಿಯ ಚೇಷ್ಟೆ ನಿಂತು, ಹೋದ ದಿನದ ಗಾತ್ರದಲ್ಲೇ ಕಡೆತನಕ ಇರುತ್ತದೆ. ಈ ವರ್ಷ ಲಾರಿ ಬರುವುದಕ್ಕೆ ಹದಿನೈದು ದಿನ ಮುಂಚೆ ಬಾಳವ್ವ ಪೇಟೆ ಕಟ್ಟೆಗೆ ಬಂದು ಎಲ್ಲರ ಎದುರಿಗೇ ಹೇಳಿದಳು: “ಗದಿಗೆಪ್ಪ, ಈ ವರ್ಷ ನನ್ನ ಭರಣಿ ನನ್ನ ಹೆಸರಲೆ ಹೋಗ್ತಾವ. ನಿನ್ನ ಮುಚ್ಚಳಾ ಬ್ಯಾಡ.”

ಗದಿಗೆಪ್ಪ ಬಿಳಿ ಅಂಗಿಯ ತೋಳು ಮಡಚುತ್ತಾ ನಕ್ಕ. ಅವನು ಊರಿಗೇ ಬಿಳಿ ಅಂಗಿಯ ಮನುಷ್ಯ. “ವೈನಿ, ಕಾಗದಾ ಹರೀತೈತಿ, ಹಿತ್ತಾಳಿ ಉಳೀತೈತಿ. ಆದ್ರೂ ನಿಮ್ಮ ಆಸೆಕ್ಕ ನಾ ಯಾಕ ಅಡ್ಡ ಬರ್ಲಿ? ಬುಡನಸಾಬರ ಉಗುರು ತಡೀಲಾರ್ದ ಸುತ್ತ ಬಂತಂದ್ರ ನಿಮ್ಮ ಹೆಸರು. ಒಂದ ಕಡೆ ತಡೀತಂದ್ರ ನನ್ನ ಮುಚ್ಚಳಾ. ಮತ್ತ ಮುಂದ ಜೀವ ಇರೂತನಕಾ ಈ ಮಾತ ಎತ್ತಬಾರ್ದು. ಒಪ್ಪಿಗಿ ಐತೇನು?”

ಬಾಳವ್ವ ಒಂದು ಕ್ಷಣ ನೆಲ ನೋಡಿದಳು. ಜೀವ ಇರುವತನಕ ಎಂಬುದು ಸಣ್ಣ ಮಾತಲ್ಲ. ಆಗ ನನ್ನ ನಾಲಿಗೆ ಸುಮ್ಮನಿರಬೇಕಲ್ಲ! “ಚಿಗವ್ವ, ಹೂಂ ಅನ್ರಿ! ನನ್ನ ಹಂತೇಕ ನಾಕನೂರು ಜೋಡಿ ತೋಳು ಅದಾವ. ಸೋಂಪಿನ ಡಬ್ಬಿಯಿಂದ ಹಿಡಿದು ನೆಲದಾಗಿನ ಜೋಳದ ಹಗೇವಿನ ತನಕಾ ಯಾವ ಅಳತಿ ಬೇಕು ಹೇಳ್ರಿ! ಆನಿ ಸೊಂಟಕ್ಕೂ ಲೇಬಲ್ ಹಾಕ್ತೀನಿ!” ಎಂದೆ. ಪೇಟೆಯವರು ಚಪ್ಪಾಳೆ ತಟ್ಟಿದರು. ಬಾಳವ್ವ “ಆತು” ಎಂದಳು.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಿಬಿಡುತ್ತೇನೆ, ಯಾರಿಗೂ ಹೇಳಬೇಡಿ. ನನ್ನ ಬಳಿ ಇದ್ದದ್ದು ಇಪ್ಪತ್ತೆರಡು ಜೋಡಿ. ಎಲ್ಲಕ್ಕಿಂತ ದಪ್ಪನೆಯದು ಮೂವತ್ತು ಬೆರಳು. ನಾನು ಹೇಳಿದ್ದು ಸುಳ್ಳಲ್ಲ, ನಮ್ಮೂರಿನ ಭರಣಿಗಳ ಹಾಗೆ ಸ್ವಲ್ಪ ಉಬ್ಬಿದ ಸತ್ಯ. ಅಜ್ಜನ ಕಾಲದಿಂದಲೂ ರಂಜಕದ ಭರಣಿಯ ಸೊಂಟ ಮೂವತ್ತು ದಾಟಿದ್ದನ್ನು ಯಾರೂ ಕಂಡಿರಲಿಲ್ಲ. ಧೈರ್ಯವಾಗಿಯೇ ಇದ್ದೆ.

ಲಾರಿ ಬರುವ ದಿನ ಕೋಳಿ ಕೂಗಿತು. ನಾನು ಎದ್ದು ಬಚ್ಚಲಿಗೆ ಹೋದರೆ ಒಳಗೆ ಕಾಲಿಡಲು ಜಾಗವಿಲ್ಲ. ಹಂಡೆ ಈ ಗೋಡೆಯಿಂದ ಆ ಗೋಡೆಗೆ ಉಬ್ಬಿ ಕೂತಿದೆ. ಹಲ್ಲುಪುಡಿಯ ಡಬ್ಬಿ ಗೂಡಿನಿಂದ ಹೊರಗೆ ಚಾಚಿ ನನ್ನ ಮೂಗಿಗೆ ತಾಗಿತು. ಮುಖ ತೊಳೆಯದೆ ದಾರ ಹಿಡಿದು ಬಾಳವ್ವನ ಮನೆಗೆ ಓಡಿದೆ. ಅಂಗಳದಲ್ಲಿ ನೂರಾ ಇಪ್ಪತ್ತು ಭರಣಿಗಳು, ಉಂಡು ಕೈತೊಳೆದು ನಿಂತ ಬೀಗರ ಹಾಗೆ ಹೊಟ್ಟೆ ಬಿಟ್ಟುಕೊಂಡು ನಿಂತಿದ್ದವು. ಓಣಿಯ ಹೆಂಗಸರು ಹನ್ನೊಂದು ಮಂದಿ ಒಂದೊಂದನ್ನೇ ತೆಗೆದು, ರುಚಿ ನೋಡಿ, ಬಟ್ಟೆ ಕಟ್ಟಿ ಮುಚ್ಚುತ್ತಿದ್ದರು. ದಾರ ಸುತ್ತಿ ಬೆರಳಿಟ್ಟು ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ನಲವತ್ತೇಳು.

“ಚಿಗವ್ವ, ಈ ಕಡೆ ಸ್ವಲ್ಪ ಬರ್ರಿ.”

“ಇಲ್ಲೇ ಹೇಳೋ. ಕೈಯೆಲ್ಲಾ ಖಾರ ಆಗೇತಿ.”

“ಅವತ್ತ ನಾಕನೂರು ಜೋಡಿ ಅಂದಿದ್ನಲ್ರೀ, ಅದು ಸ್ವಲ್ಪ ಹೆಚ್ಚಾತು.”

“ಎಷ್ಟು ಹೆಚ್ಚಾತೋ?”

“ಮುನ್ನೂರಾ ಎಪ್ಪತ್ತೆಂಟು.”

ಬಾಳವ್ವ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ನನಗೆ ಅದಕ್ಕೆ ಉತ್ತರ ಬರುತ್ತದೆ. ಅವಳು ಒಂದು ಭರಣಿಗೆ ಒರಗಿ ಕೂತಳು. “ನನ್ನ ತಪ್ಪು ಬಿಡೋ ಚನ್ನ್ಯಾ. ನೀ ಊದತೀ ಅನ್ನೋದು ಊರಿಗೆ ಗೊತ್ತೈತಿ. ಗೊತ್ತಿದ್ದೂ ನಂಬಿದ್ನಿ. ಒಂದ ಸಲ ಈ ಹೆಸರು ಹೊರಗ ಹೋಗಿ ನೋಡ್ಲಿ ಅನ್ನೋ ಹುಚ್ಚು.” ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳಲು ಹೋಗಿ, ಕೈಗೆ ಖಾರ ಇರುವುದು ನೆನಪಾಗಿ ಸೆರಗು ಬಿಟ್ಟಳು. “ನಿನ್ನ ಹದಿನೆಂಟರ ಜೋಡಿ ತೋಳು ನನ್ನ ಹಂತೇಕ ಉಳದೈತಿ. ಅಡಗಿಮನ್ಯಾಗ ಐತಿ, ಒಯ್ಯಿ. ನಾಳೆ ಯಾರದಾರ ಅಚ್ಚಿಗೆ ಬೇಕಾದೀತು.”

ಹೌದು, ಮರೆತೇಬಿಟ್ಟಿದ್ದೆ. ತಿಂಗಳ ಹಿಂದೆ ಭರಣಿಗಳು ಹದಿನೆಂಟು ಬೆರಳಿದ್ದ ದಿನ, ಅಚ್ಚು ಮುಗಿದ ಮೇಲೆ ಆ ಜೋಡಿಯನ್ನು ಬಾಳವ್ವ ಕೇಳಿ ಒಯ್ದಿದ್ದಳು. ಒಣ ಮೆಣಸಿನಕಾಯಿ ತುಂಬಲು ನೆಟ್ಟಗಿನ ಕೊಳವೆ ಬೇಕಿತ್ತಂತೆ. ತಲೆ ತಗ್ಗಿಸಿಕೊಂಡು ಅಡುಗೆಮನೆಗೆ ಹೋದೆ. ಮೂಲೆಯಲ್ಲಿ ನನ್ನ ತೋಳುಗಳಿರಲಿಲ್ಲ. ಎರಡು ಕೊಬ್ಬಿದ ಪೀಪಾಯಿಗಳಿದ್ದವು. ಒಂದರ ಮೈಗೆ ನನ್ನ ರಬ್ಬರು.

“ಅಯ್ಯೋ! ಏನ್ ಮಾಡೀರಿ ಇದಕ್ಕ!” ಎಂದು ಕೂಗಿದ ಕೂಗಿಗೆ ಅಟ್ಟದ ಮೇಲಿನ ಬೆಕ್ಕು ಸೀದಾ ಪಕ್ಕದೂರಿಗೆ ಹೋಯಿತು.

ಬಾಳವ್ವ ಬಾಗಿಲಿಗೆ ಬಂದಳು. “ಏನಾತು? ತಳಕ್ಕ ಹಲಗಿ ಹೊಡಿಸೇನಿ, ಅಷ್ಟ.”

“ಹಲಗಿ ಯಾಕ ಹೊಡಿಸಿದ್ರಿ?”

“ತಳಾ ಇಲ್ಲಂದ್ರ ಮೆಣಸಿನಕಾಯಿ ನಿನ್ನ ಮಾತಿನ ಮ್ಯಾಲ ನಿಂದ್ರತಾವೇನು?”

ತಳ ಹೊಡೆದಾಗ ಒಂದು ಬಾಯಿ ಮುಚ್ಚಿತು, ಒಂದು ಬಾಯಿ ಉಳಿಯಿತು. ನನ್ನ ತೋಳುಗಳು ಡಬ್ಬಿಗಳಾದವು. ಡಬ್ಬಿಗಳಾದ ಮೇಲೆ ಊರಿನ ಡಬ್ಬಿಗಳ ಸಂಗಡ ದಿನಾ ಉಬ್ಬಿ, ದಿನಾ ಸೊರಗಿ, ಇವತ್ತು ಹೀಗೆ ಕೂತಿವೆ. ಬಯ್ಯಲು ಬಾಯಿ ತೆರೆದೆ, ಅಷ್ಟರಲ್ಲಿ ಪೀಪಾಯಿಯ ಸೊಂಟ ಕಣ್ಣಿಗೆ ಬಿತ್ತು. ಕೈಯಲ್ಲಿ ದಾರವಿತ್ತು. ಸುತ್ತಿದೆ. ನಲವತ್ತೇಳು. ಇನ್ನೊಂದಕ್ಕೂ ಸುತ್ತಿದೆ. ನಲವತ್ತೇಳು! ಹದಿನೆಂಟರ ಭರಣಿಯ ಜೊತೆ ಹದಿನೆಂಟಾಗಿ ಹೊರಟದ್ದು, ನಲವತ್ತೇಳರ ಭರಣಿಯ ಜೊತೆ ನಲವತ್ತೇಳಾಗಿಯೇ ಬಂದು ನಿಂತಿತ್ತು.

“ಚಿಗವ್ವ, ಮೆಣಸಿನಕಾಯಿ ಸುರುವ್ರಿ! ನಿಮ್ಮ ತಳದ ಹಲಗಿಗೆ ಉದ್ದಕ್ಕ ಬಿದ್ದು ದೀಡ ನಮಸ್ಕಾರ ಹಾಕ್ತೀನಿ!”

ಮುಂದಿನದನ್ನು ನಾನು ಹೇಳಿದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ, ಆದರೂ ಹೇಳುತ್ತೇನೆ. ಮೊಳೆ ಕಿತ್ತು ತಳ ಬಿಚ್ಚಿ ತೋಳುಗಳನ್ನು ಮಷೀನಿನ ಬಳಿ ಉರುಳಿಸಿಕೊಂಡು ಹೋದೆವು. ಹೊರಮೈ ನಲವತ್ತೇಳು, ಸರಿ. ಆದರೆ ಒಳಮೈಯೂ ಹಿಗ್ಗಿ, ಒಳಗಿನ ಉರುಳೆ ಬಾವಿಯಲ್ಲಿ ಬಿದ್ದ ಒನಕೆಯಂತೆ ಲಟಪಟ ಆಡುತ್ತಿತ್ತು. ಗಾಳಿ ಬಿಟ್ಟರೇನು, ಬಿರುಗಾಳಿ ಬಿಟ್ಟರೇನು? ಆಗ ಹೆಂಗಸರಲ್ಲಿ ಒಬ್ಬಳು, ಗದಿಗೆಪ್ಪನ ಹೆಂಡತಿ ನೀಲವ್ವ, ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದವಳು, “ಸೀರಿ ಸುತ್ತಿದ್ರ ಹೆಂಗ?” ಎಂದಳು. ಓಣಿಯ ನೂಲಿನ ಸೀರೆಗಳೆಲ್ಲ ಬಂದವು. ನಾನು ಎಣಿಸಿದಂತೆ ಮೂವತ್ತೊಂದು, ಹೆಂಗಸರು ಹೇಳುವಂತೆ ಹದಿನಾಲ್ಕು. ಉರುಳೆಗೆ ಬಿಗಿಯಾಗಿ ಸುತ್ತಿ ತೋಳು ಏರಿಸಿ, ಸಂದಿಗೆ ಕೊಡ ಕೊಡ ನೀರು ಹೊಯ್ದೆವು. ನೂಲು ನೀರು ಕುಡಿದು ಉಬ್ಬಿ ಕಚ್ಚಿಕೊಂಡಿತು. ಗುದ್ದಿದರೂ ಅಲ್ಲಾಡದು. ಆಫ್‌ಸೆಟ್‌ನವನಿಗೆ ನೀರು ಹೊಸದಲ್ಲ. ತಗಡಿನ ಮೇಲೆ ಅಕ್ಷರವಿಲ್ಲದ ಕಡೆ ನೀರು ನಿಂತರೆ ತಾನೇ ಜಿಡ್ಡಿನ ಶಾಯಿ ಅಕ್ಷರಕ್ಕೆ ಮಾತ್ರ ಅಂಟುವುದು. ಚಕ್ರ ತಿರುಗಿಸಿ ಉರುಳೆಗಳನ್ನು ದೂರ ಸರಿಸಿದೆ. ಮಷೀನಿನ ಪಕ್ಕದ ತಗಡಿನ ಗೋಡೆಯನ್ನು ಕಿತ್ತಿಟ್ಟೆ. ಎಲ್ಲ ಕೂತಿತು.

ಹೊಸದೊಂದು ಸಮಸ್ಯೆ ಎದುರಾಯಿತು. ಉದ್ದನೆಯ ತಗಡು ಕತ್ತರಿಸಿ, ಜಿಡ್ಡಿನ ಕಡ್ಡಿಯಿಂದ ‘ಬಾಳವ್ವನ ರಂಜಕ’ ಎಂದು ಬರೆದು, ಆಚೆ ಈಚೆ ಒಂದೊಂದು ಮೆಣಸಿನಕಾಯಿ ಬಿಡಿಸಿದೆ. ಹದಿನೆಂಟು ಬೆರಳು ತುಂಬಿತು. ಇನ್ನೂ ಇಪ್ಪತ್ತೊಂಬತ್ತು ಬೆರಳು ಬೋಳು.

“‘ಭೂಮಂಡಲದಲ್ಲೇ ಮೊದಲನೆಯದು’ ಅಂತ ಬರೀಲೇನು?” ಎಂದೆ. “ಅದರ ಪಕ್ಕ ‘ಅಚ್ಚುಗಾರ ಶಿರೋಮಣಿ ಚನ್ನಮಲ್ಲ’ ಅಂತ ದಪ್ಪಗೆ?”

ಬಾಳವ್ವ ಆ ಬೋಳು ತಗಡನ್ನೇ ನೋಡುತ್ತಿದ್ದಳು. “ನಾ ಒಬ್ಬಾಕೀನ ಕುಟ್ಟೇನೇನು?” ಎಂದಳು. “ಈ ಜಾಗಾ ನನಗ ಒಬ್ಬಾಕಿಗೆ ಯಾಕ ಬೇಕು? ಬರ್ರೆವ್ವಾ, ನಿಮ್ಮ ನಿಮ್ಮ ಹೆಸರು ನೀವ ಬರೀರಿ.”

“ಉಲ್ಟಾ ಬರೀಬೇಕೇನು?” ಎಂದು ಒಬ್ಬಳು ಹೆದರಿದಳು. ಅಪ್ಪನ ಮಷೀನಿನ ಅಚ್ಚುಮೊಳೆಗಳು ಉಲ್ಟಾ ಇದ್ದದ್ದನ್ನು ಕಂಡವಳು. ಆಫ್‌ಸೆಟ್‌ನಲ್ಲಿ ಆ ಕಷ್ಟವಿಲ್ಲ. ತಗಡಿನ ಮೇಲೆ ನೆಟ್ಟಗೆ ಬರೆದದ್ದು ರಬ್ಬರಿನ ಮೇಲೆ ಉಲ್ಟಾ ಬಿದ್ದು, ಕಾಗದದ ಮೇಲೆ ಮತ್ತೆ ನೆಟ್ಟಗಾಗುತ್ತದೆ. “ಮನ್ಯಾಗ ಹೆಂಗ ಬರೀತೀರಿ, ಹಂಗ ಬರೀರಿ” ಎಂದೆ. ಹನ್ನೊಂದು ಮಂದಿ ಸಾಲಾಗಿ ನಿಂತರು. ದ್ಯಾಮವ್ವ, ಫಕೀರವ್ವ, ಶಾಂಭವಿ, ಮಾಬೂಬಿ... ಒಬ್ಬಳ ಅಕ್ಷರ ಕೋಳಿ ಕೆದರಿದ ಹಾಗೆ, ಇನ್ನೊಬ್ಬಳದು ರಂಗೋಲಿಯ ಹಾಗೆ. ಕೊನೆಯಲ್ಲಿ ನೀಲವ್ವ ಕಡ್ಡಿ ಹಿಡಿದು ನಿಂತಳು, ಬರೆಯಲಿಲ್ಲ. “ನಿನ್ನ ಗಂಡ ಏನಂದಾನು ಅಂತ ಹೆದರಿಕಿ ಏನು?” ಎಂದು ಯಾರೋ ಚುಚ್ಚಿದರು. “ಹೆದರಿಕಿ ಅಲ್ರೆವ್ವಾ. ‘ನೀ’ ಬರದು ಭಾಳ ವರ್ಷಾತು, ದೀರ್ಘ ಯಾವ ಕಡೆ ಹೊಳ್ಳತೈತಿ ಅಂತ ನೆನಸಾಕತ್ತೇನಿ” ಎಂದು ನೆಲದ ಮೇಲೆ ಬೆರಳಿಂದ ಎರಡು ಸಲ ಬರೆದು ನೋಡಿ, ತಗಡಿನ ಮೇಲೆ ಎಲ್ಲರಿಗಿಂತ ದೊಡ್ಡದಾಗಿ ಬರೆದಳು. ನಲವತ್ತೇಳು ಬೆರಳೂ ತುಂಬಿತು. ಅಚ್ಚುಗಾರ ಶಿರೋಮಣಿಗೆ ಒಂದು ಚುಕ್ಕಿ ಇಡುವಷ್ಟು ಜಾಗವೂ ಉಳಿಯಲಿಲ್ಲ.

ಮಷೀನು ತಿರುಗಿತು. ಮೊದಲ ಒಂಬತ್ತು ಕಾಗದ ಹಾಳಾದವು. ಹತ್ತನೆಯದರಿಂದ ಹೆಸರುಗಳು ಗರಿಗರಿಯಾಗಿ ಬರತೊಡಗಿದವು. ಹೆಂಗಸರು ಕೂಗಾಡಿದರು, ಮಷೀನೇ ಕೇಳಿಸದಷ್ಟು. ಶಾಯಿ ಆರಲು ಹೊತ್ತು ಬೇಕು. ಹೊತ್ತು ಎಲ್ಲಿತ್ತು? ಲಾರಿಯ ಹಾರ್ನ್ ಆಗಲೇ ಊರಬಾಗಿಲಲ್ಲಿ ಕೇಳಿತು. ಹಸಿಹಸಿಯಾಗಿಯೇ ಅಂಟಿಸಿ ಪೇಟೆ ಕಟ್ಟೆಗೆ ಸಾಗಿಸಿದೆವು.

ಗದಿಗೆಪ್ಪ ತೊಳೆದ ಮುಚ್ಚಳಗಳನ್ನು ಸಾಲಾಗಿ ಬಿಸಿಲಿಗೆ ಹಚ್ಚಿ ಕೂತಿದ್ದ. ಬುಡನಸಾಬರು ಕೆಳಗಿಳಿದು, ಸಲಾಮು ಮುಗಿಸಿ, ಮೊದಲ ಭರಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಕಣ್ಣು ಮುಚ್ಚಿ ಹೆಬ್ಬೆರಳ ಉಗುರನ್ನು ಲೇಬಲ್ಲಿನ ಕೆಳ ಅಂಚಿಗೆ ಇಟ್ಟರು. ಉಗುರು ಹೊರಟಿತು. ಬಾಳವ್ವ ಕಣ್ಣು ಮಿಟುಕಿಸಲಿಲ್ಲ. ನಾನು ಉಸಿರು ಹಿಡಿದೆ, ಆ ಉಸಿರನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಉಗುರು ಭರಣಿಯ ಬೆನ್ನ ಹಿಂದೆ ಮರೆಯಾಯಿತು, ಈಚೆ ಬಂತು, ಹೊರಟ ಜಾಗ ದಾಟಿತು, ಮತ್ತೆ ಹೋಯಿತು. ಎರಡನೆಯ ಸುತ್ತು. ಮೂರನೆಯ ಸುತ್ತಿನ ನಡುವೆ ಬುಡನಸಾಬರು ಕಣ್ಣು ತೆರೆದರು.

“ಎಲ್ಲಿ ಶುರು, ಎಲ್ಲಿ ಆಖೈರು, ಒಂದೂ ತಿಳೀವಲ್ದಲ್ರೀ! ಹಿಂಗ ಬಿಟ್ರ ನಾ ಸಂಜಿತನಕಾ ಇದರ ಸುತ್ತನ ತಿರಗತೇನಿ” ಎಂದು ನಕ್ಕು ಎದ್ದರು. ಆಮೇಲೆ ಭರಣಿಯ ಸುತ್ತ ನಡೆಯುತ್ತಾ ಗಟ್ಟಿಯಾಗಿ ಓದಿದರು. “ಬಾಳವ್ವನ ರಂಜಕ. ದ್ಯಾಮವ್ವ. ಫಕೀರವ್ವ. ಶಾಂಭವಿ. ಮಾಬೂಬಿ...” ಒಂದೊಂದು ಹೆಸರಿಗೂ ಗುಂಪಿನಲ್ಲಿ ಒಂದೊಂದು ತಲೆ ಎದ್ದು ನಿಂತಿತು. ಕಡೆಗೆ ಸ್ವಲ್ಪ ಬಗ್ಗಿ ನೋಡಿ, “ಇದು ಭಾಳ ದೊಡ್ಡದ ಐತಿ. ನೀಲವ್ವ” ಎಂದರು.

ಗದಿಗೆಪ್ಪನ ಕೈಯಲ್ಲಿದ್ದ ಮುಚ್ಚಳ ಕಟ್ಟೆಯ ಮೇಲೆ ಬಿದ್ದು ಠಣ್ ಎಂದಿತು. ಅವನು ಹೆಂಡತಿಯ ಕಡೆ ತಿರುಗಿದ. ಸಿಟ್ಟಿನಲ್ಲಿ ತಿರುಗಿದ ಎಂದುಕೊಂಡೆ, ಆದರೆ ಬಾಯಿಂದ ಬಂದ ದನಿ ಬೇರೆ ಇತ್ತು. “ನೀನೂ ಕುಟ್ಟತಿದ್ದೇನು? ಎಂದಿನಿಂದ?”

“ಇಪ್ಪತ್ತಾರು ವರ್ಷಾತು.”

“ನನಗ ಗೊತ್ತ ಇಲ್ಲಲ್ಲ! ಯಾವಾಗ ಹೋಗ್ತಿದ್ದಿ?”

“ನೀವು ಮುಚ್ಚಳಾ ತಿಕ್ಕಾಕ ಕುಂತಾಗೆಲ್ಲಾ.”

ಪೇಟೆಗೆ ಪೇಟೆಯೇ ನಕ್ಕಿತು. ಬುಡನಸಾಬರು ನಗು ಮರೆಮಾಚಲು ಲಾರಿಯ ಟೈರು ಒದ್ದರು. ಬಾಳವ್ವ ಮಾತ್ರ ನಗಲಿಲ್ಲ. ಮೈದುನನ ಮುಂದೆ ಬಂದು, “ಭರಣಿ ಭಾರ ಆಗ್ಯಾವ ಗದಿಗೆಪ್ಪ. ಏರಸಾಕ ಒಂದ ಕೈ ಹಚ್ಚು” ಎಂದಳು. ಗೆದ್ದವರು ಸೋತವರೊಡನೆ ಮಾತಾಡುವ ಧಾಟಿಯಾಗಿರಲಿಲ್ಲ. ಮನೆಯವರನ್ನು ಕೆಲಸಕ್ಕೆ ಕರೆದ ಧಾಟಿಯಾಗಿತ್ತು.

ಗದಿಗೆಪ್ಪ ಮುಚ್ಚಳಗಳನ್ನು ಕಾಲಿನಿಂದ ಬದಿಗೆ ಸರಿಸಿ ಬಂದ. ನಲವತ್ತೇಳು ಬೆರಳಿನ ಸೊಂಟ ಒಂದು ಕೈಗೆ ಸಿಗುವಂಥದ್ದಲ್ಲ, ಎರಡೂ ತೋಳಿನಿಂದ ಅವುಚಿ ಎದೆಗೆ ಒತ್ತಿಕೊಂಡೇ ಎತ್ತಬೇಕು. ಹಾಗೆಯೇ ಎತ್ತಿ, ಲಾರಿಯವರೆಗೆ ಹೊತ್ತು ಏರಿಸಿ, ಇನ್ನೊಂದಕ್ಕೆಂದು ಈ ಕಡೆ ತಿರುಗಿದ. ಆರದ ಶಾಯಿ ಅಲ್ಲವೇ? ಅವನ ಬಿಳಿ ಅಂಗಿಯ ಎದೆಯ ಮೇಲೆ ನೀಲವ್ವನ ಹೆಸರು ದೀರ್ಘ ಸಮೇತ ಮೂಡಿತ್ತು, ಆದರೆ ಉಲ್ಟಾ. ತಲೆ ಬಗ್ಗಿಸಿ ನೋಡಿಕೊಂಡ. ಓದಲು ಬರಲಿಲ್ಲ. ಒರೆಸಲು ಎತ್ತಿದ ಕೈಯನ್ನು ಹಾಗೇ ಇಳಿಸಿದ.

“ಏನ್ ಬರದೈತೋ ಚನ್ನ್ಯಾ ಇದು?” ಎಂದ.

ಹೇಳಲು ಬಾಯಿ ತೆರೆದೆ. ಬಾಳವ್ವ ನನ್ನನ್ನು ನೋಡಿದಳು. ಜೀವಮಾನದಲ್ಲಿ ಮೊದಲ ಸಲ ನಾಲಿಗೆ ಕಚ್ಚಿಕೊಂಡು, “ಮನಿಗೆ ಹೋಗಿ ಕನ್ನಡಿ ಮುಂದ ನಿಂದರ್ರಿ ಕಾಕಾ” ಎಂದೆ.